ಬಕೀಟಿನಲ್ಲಿ ಎರೆಹೊಲದ ರುಚಿ

2023ರ ಡಿಸೆಂಬರ್‌ನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೊದಲ ಟೊಮೆಟೊ ಹಣ್ಣಾಯಿತು. ಮಣ್ಣಿಲ್ಲ, ಅಂಗಳವಿಲ್ಲ. ಹುಬ್ಬಳ್ಳಿ ವಿದ್ಯಾನಗರದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಎರಡು ಪೇಂಟ್ ಬಕೀಟು, ಮೇಲೊಂದು ಎಲ್‌ಇಡಿ ದೀಪ. ಹಣ್ಣು ಕೆಂಪಗೆ, ದುಂಡಗೆ, ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿತ್ತು. ನಾಲ್ಕು ಹೋಳು ಮಾಡಿ, ಉಪ್ಪು ಉದುರಿಸಿ, ಅವ್ವನ ತಾಟಿನಲ್ಲಿ ರೊಟ್ಟಿಯ ಪಕ್ಕ ಇಟ್ಟೆ. ಅವ್ವ ಒಂದು ಹೋಳು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೋಡಾಕ ಚಂದ ಐತಿ ಬೇ. ಆದ್ರ ಬರೇ ನೀರ ಕುಡದಂಗ ಆಗತೈತಿ," ಅಂದಳು.

ನಾನೂ ಒಂದು ಹೋಳು ತಿಂದೆ. ಅವ್ವ ಹೇಳಿದ್ದು ನಿಜ. ಹುಳಿ ಇಲ್ಲ, ಸಿಹಿ ಇಲ್ಲ, ಟೊಮೆಟೊ ಅನ್ನುವ ವಾಸನೆಯೂ ಇಲ್ಲ. ನಾಲ್ಕು ತಿಂಗಳು ಕಾದು ಬೆಳೆದದ್ದು ಸಂತೆಯ ಹಣ್ಣಿಗಿಂತ ಸಪ್ಪೆ. ಆ ರಾತ್ರಿ ನನಗೆ ಬಹಳ ಬೇಜಾರಾಯಿತು. ಯಾಕಂದ್ರೆ ಇದನ್ನೆಲ್ಲ ಶುರು ಮಾಡಿದ್ದೇ ರುಚಿಗಾಗಿ.

ಅವ್ವನದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಹೊಲಮನೆ ಅಣ್ಣನಿಗೆ ಬಿಟ್ಟು ನಮ್ಮ ಜೊತೆ ಇರಲು ಬಂದಳು. ಆ ವರ್ಷ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೂ ನೆನಪಿರಬಹುದು. ಎಲ್ಲರೂ ದರದ ಬಗ್ಗೆ ಮಾತಾಡುತ್ತಿದ್ದರು. ಅವ್ವನ ಚಿಂತೆ ಬೇರೆ. "ಇಷ್ಟ ರೊಕ್ಕಾ ಕೊಟ್ಟ ತಂದ್ರೂ ಇದರಾಗ ರುಚಿ ಎಲ್ಲೈತಿ?" ಅನ್ನುತ್ತಿದ್ದಳು. ಅವಳ ನಾಲಿಗೆ ಕೇಳುತ್ತಿದ್ದುದು ಜವಾರಿ ಟೊಮೆಟೊ. ಸಣ್ಣದು, ಪಕ್ಕೆ ಪಕ್ಕೆಯಾಗಿ ಮಡಿಚಿಕೊಂಡದ್ದು, ಮುಟ್ಟಿದರೆ ಒಡೆಯುವಷ್ಟು ತೆಳ್ಳಗಿನ ಸಿಪ್ಪೆಯದು. ಅದನ್ನು ಹಿಚುಕಿ ಹಸಿ ಉಳ್ಳಾಗಡ್ಡಿ, ಶೇಂಗಾಪುಡಿ ಹಾಕಿ ಕಲಸಿದರೆ ರೊಟ್ಟಿಗೆ ಬೇರೆ ಪಲ್ಯವೇ ಬೇಡ.

ನಮ್ಮ ಬಾಲ್ಕನಿಗೆ ಮಧ್ಯಾಹ್ನದ ಮೇಲೆ ಒಂದೆರಡು ತಾಸು ಬಿಸಿಲು ಬಂದರೆ ಹೆಚ್ಚು. ಮಹಡಿ ಮೇಲೆ ಕುಂಡ ಇಡಲು ಅನುಮತಿ ಇಲ್ಲ. ಮಗ ಓದಲು ಪುಣೆಗೆ ಹೋದ ಮೇಲೆ ಅವನ ಕೋಣೆ ಖಾಲಿ ಇತ್ತು. ಹೀಗಾಗಿ ಹೈಡ್ರೋಪೋನಿಕ್ಸ್ ಕಡೆ, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವ ಕಡೆ ತಿರುಗಿದೆ.

ಮೊದಲ ಸಲದ ತಯಾರಿ ಸರಳವಾಗಿತ್ತು. 20 ಲೀಟರಿನ ಎರಡು ಪೇಂಟ್ ಬಕೀಟು ತೊಳೆದು, ಮುಚ್ಚಳಕ್ಕೆ ತೂತು ಕೊರೆದು, ಜಾಳಿಗೆ ಕುಂಡ ಕೂಡಿಸಿದೆ. ಅದರೊಳಗೆ ಸುಟ್ಟ ಮಣ್ಣಿನ ಗುಂಡುಗಳು. ಬಕೀಟಿನ ತಳದಲ್ಲಿ ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪಿನ ಕಲ್ಲು. ಬೇರು ಸದಾ ನೀರಿನಲ್ಲೇ ಇರುತ್ತದೆ, ಗುಳ್ಳೆಗಳಿಂದ ಉಸಿರಾಡುತ್ತದೆ. ಅಂಗಡಿಯ ಹೈಬ್ರಿಡ್ ಬೀಜ ತಂದು ಕೊಕೊಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಹಾಕಿದೆ. ಆರನೇ ದಿನಕ್ಕೆ ಮೊಳಕೆ, ನಾಲ್ಕನೇ ವಾರಕ್ಕೆ ಬಕೀಟು.

ಗೊಬ್ಬರದಲ್ಲಿ ಎಡವಿದೆ. ನೀರಿನಲ್ಲಿ ಕರಗುತ್ತದಲ್ಲ, ಸಾಕು ಅಂತ ಮೊದಲು 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಇದೇ ಕ್ರಮದಲ್ಲಿ ಶೇಕಡಾ ಎಷ್ಟು ಅಂತ ಹೇಳುವ ಅಂಕಿಗಳು) ಒಂದನ್ನೇ ಹಾಕಿದೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ. ಸಾರಜನಕದ ಒಂದು ಪಾಲು ಯೂರಿಯಾ ರೂಪದಲ್ಲಿರುತ್ತದೆ. ಹೊಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಬಕೀಟಿನ ನೀರಿನಲ್ಲಿ ಆ ಬಳಗ ಎಲ್ಲಿದೆ? ಮೂರು ವಾರದಲ್ಲಿ ಹೊಸ ಎಲೆಗಳು ಮುರುಟಿದವು, ಹಳೆಯ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಯಿತು.

ಆಮೇಲೆ ಅಮರಗೋಳದ ಎಪಿಎಂಸಿ ಕಡೆ ಹೋಗಿ ಗೊಬ್ಬರದ ಅಂಗಡಿಯಲ್ಲಿ ಬಿಡಿಬಿಡಿಯಾಗಿ ತಂದೆ. ಕ್ಯಾಲ್ಸಿಯಂ ನೈಟ್ರೇಟ್, 0:52:34, 0:0:50, ಮೆಗ್ನೀಷಿಯಂ ಸಲ್ಫೇಟ್, ಜೊತೆಗೆ ಕಬ್ಬಿಣ ಸತು ಬೋರಾನ್ ಎಲ್ಲ ಇರುವ ಸೂಕ್ಷ್ಮ ಪೋಷಕಾಂಶದ ಪುಡಿ. ಗಟ್ಟಿಯಾಗಿ ಕಲಸಿ ಒಂದೇ ಬಾಟಲಿಯಲ್ಲಿ ಇಟ್ಟುಕೊಂಡರೆ ದಿನಾ ತೂಗುವ ಕೆಲಸ ತಪ್ಪುತ್ತದೆ ಅಂದುಕೊಂಡೆ. ಕ್ಯಾಲ್ಸಿಯಂ ನೈಟ್ರೇಟ್ ಕರಗಿದ ನೀರಿಗೆ ಮೆಗ್ನೀಷಿಯಂ ಸಲ್ಫೇಟ್ ನೀರು ಸುರಿದದ್ದೇ ತಡ, ಬಾಟಲಿ ಸುಣ್ಣದ ತಿಳಿಯಂತೆ ಬೆಳ್ಳಗಾಯಿತು. ಅರ್ಧ ತಾಸಿನಲ್ಲಿ ತಳಕ್ಕೆ ಎರಡು ಬೆರಳು ದಪ್ಪ ಹಿಟ್ಟು ಕೂತಿತ್ತು. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಜಿಪ್ಸಂ ಆಗಿಬಿಟ್ಟಿದ್ದವು. ಜಿಪ್ಸಂ ಸುಲಭಕ್ಕೆ ಕರಗುವುದಿಲ್ಲ, ಹೀಗೆ ತಳಕ್ಕೆ ಕೂತದ್ದು ಗಿಡಕ್ಕೂ ಸಿಗುವುದಿಲ್ಲ. ಇವೆರಡು ಬಕೀಟಿನ ತುಂಬ ನೀರಿನಲ್ಲಿ ತೆಳ್ಳಗೆ ಇದ್ದರೆ ತೊಂದರೆ ಇಲ್ಲ, ಗಟ್ಟಿಯಾಗಿ ಎದುರಾದರೆ ಹೀಗಾಗುತ್ತದೆ. ಅದಕ್ಕೇ ಮಾರುವವರು 'ಎ' ಮತ್ತು 'ಬಿ' ಅಂತ ಎರಡು ಡಬ್ಬಿ ಕೊಡುವುದು.

ಅವತ್ತಿನಿಂದ ನನ್ನ ಅಳತೆ ಇದು. 10 ಲೀಟರ್ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 10 ಗ್ರಾಂ, 0:52:34 ಎರಡೂವರೆ ಗ್ರಾಂ, 0:0:50 ನಾಲ್ಕು ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ ಐದು ಗ್ರಾಂ. ಸೂಕ್ಷ್ಮ ಪೋಷಕಾಂಶ ಪೊಟ್ಟಣದ ಮೇಲೆ ಬರೆದಷ್ಟು. ಒಂದೊಂದನ್ನೂ ಬೇರೆ ಬೇರೆ ಕರಗಿಸಿ ದೊಡ್ಡ ನೀರಿಗೆ ಸೇರಿಸುತ್ತೇನೆ. ಅಡುಗೆಮನೆ ತಕ್ಕಡಿ ಇಂಥ ಸಣ್ಣ ತೂಕಕ್ಕೆ ನಂಬಿಕೆಯದಲ್ಲ. ಬಂಗಾರ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ.

ಗಿಡ ಚೇತರಿಸಿಕೊಂಡಿತು, ಹೂ ಬಂತು, ಹಣ್ಣೂ ಬಂತು. ಆ ಸಪ್ಪೆ ಹಣ್ಣು.

ಹೈಡ್ರೋಪೋನಿಕ್ಸ್ ಅನ್ನುವ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್. ಅವರು ಹೆಸರು ಮಾಡಿದ್ದೂ ಟೊಮೆಟೊದಿಂದಲೇ. ತೊಟ್ಟಿ ನೀರಿನಲ್ಲಿ 25 ಅಡಿ ಎತ್ತರದ ಬಳ್ಳಿ ಬೆಳೆಸಿದ್ದರು, ಏಣಿ ಹತ್ತಿ ಹಣ್ಣು ಕೀಳಬೇಕಿತ್ತು. ಅಂದರೆ ನೀರಿನಲ್ಲಿ ಎತ್ತರಕ್ಕೆ ಬೆಳೆಸುವ ಕೆಲಸ ನನ್ನ ಅಜ್ಜನ ಕಾಲದಲ್ಲೇ ಆಗಿಹೋಗಿದೆ. ರುಚಿ ಬರಿಸುವುದು ಬೇರೆಯೇ ಕೆಲಸ.

ಅದರ ಎಳೆ ಸಿಕ್ಕಿದ್ದು ಅವ್ವನ ಮಾತಿನಲ್ಲಿ. ಒಂದು ಸಂಜೆ ಬಕೀಟಿನ ಮುಚ್ಚಳ ಎತ್ತಿ ತೋರಿಸುತ್ತಿದ್ದೆ. ಬೆಳ್ಳಗಿನ ಬೇರು ಗಂಗೆಯ ಜಡೆಯ ಹಾಗೆ ನೀರಿನಲ್ಲಿ ಹರಡಿತ್ತು. ಅವ್ವ ಬಗ್ಗಿ ನೋಡಿದಳು.

"ಇದು ಹಗಲಿ ರಾತ್ರಿ ನೀರಾಗ ಇರತೈತೇನು?"

"ಹೂಂ ಬೇ."

"ಮತ್ತ ರುಚಿ ಹ್ಯಾಂಗ ಬರತೈತಿ? ನಮ್ಮ ಎರಿ ಹೊಲದಾಗ ನೀರ ಎಲ್ಲಿದ್ದವು? ಮಳಿ ನಿಂತ ಮ್ಯಾಲೆ ಇದ್ದ ಹಸಿಯೊಳಗ ಗಿಡ ಬದಕತಿತ್ತು. ಕಾಯಿ ಸಣ್ಣವು ಆಗತಿದ್ದವು. ಆದ್ರ ಒಂದ ಹಣ್ಣ ಹಾಕಿದ್ರ ಸಾರು ಹುಳಿ ಆಗತಿತ್ತು."

ಎರೆಮಣ್ಣು ಮಳೆಯ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ, ಆದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಿಡ ಎಳೆದೆಳೆದು ಕುಡಿಯಬೇಕು. ಹಣ್ಣಿಗೆ ಹೋಗುವ ನೀರು ಕಡಿಮೆಯಾಗುತ್ತದೆ, ಅದರೊಳಗಿನ ಸಕ್ಕರೆ ಮತ್ತು ಹುಳಿ ದಟ್ಟವಾಗಿ ಉಳಿಯುತ್ತವೆ. ಬಕೀಟಿನಲ್ಲಿ ನೀರನ್ನೇ ಕಡಿಮೆ ಮಾಡಲು ಬರುವುದಿಲ್ಲ. ಆದರೆ ನೀರಿನಲ್ಲಿ ಲವಣ ಹೆಚ್ಚಿದ್ದರೆ ಗಿಡಕ್ಕೆ ಕುಡಿಯುವುದು ಅಷ್ಟೇ ಕಷ್ಟ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸವಳು ನೀರು ಹಾಯಿಸಿ ಬೆಳೆದ ಟೊಮೆಟೊ ಸಿಹಿಗೆ ಹೆಸರಾಗಿರುವುದೂ ಇದೇ ಕಾರಣಕ್ಕೆ.

ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಅಳತೆಗೆ ಇಸಿ ಅನ್ನುತ್ತಾರೆ. ಪೆನ್ನಿನಂಥ ಮೀಟರ್ ಅದ್ದಿದರೆ ಅಂಕಿ ಬರುತ್ತದೆ. ನನ್ನ ನೋಟ್‌ಬುಕ್ ತೆಗೆದು ನೋಡಿದರೆ ಮೊದಲ ಸಲ ಹಣ್ಣು ಬಲಿಯುವ ಹೊತ್ತಿನಲ್ಲೂ ಇಸಿ 1.6ರ ಆಸುಪಾಸು ಇತ್ತು. ಸೊಪ್ಪಿಗೆ ಅದು ಸರಿ, ಟೊಮೆಟೊಗೆ ತೀರ ತೆಳು. ಮೇಲಾಗಿ 50 ವ್ಯಾಟಿನ ಒಂದೇ ದೀಪ. ಎಲೆಗೆ ಬೆಳಕು ಬೀಳದಿದ್ದರೆ ಸಕ್ಕರೆ ಎಲ್ಲಿಂದ ಬರಬೇಕು?

ಎರಡನೇ ಸಲ ಜನವರಿಯಲ್ಲಿ ಬೀಜ ಹಾಕಿದೆ. 100 ವ್ಯಾಟಿನ ಎರಡು ದೀಪ ತಂದೆ, ದಿನಕ್ಕೆ 14 ತಾಸು ಟೈಮರ್ ಇಟ್ಟೆ. ಇಡೀ ದಿನ ದೀಪ ಹಚ್ಚಿಡಬೇಡಿ, ಟೊಮೆಟೊಗೆ ಕತ್ತಲೂ ಬೇಕು. ನಿರಂತರ ಬೆಳಕಿನಲ್ಲಿ ಎಲೆ ಹಳದಿಯಾಗುತ್ತದೆ. ಗಿಡ ಚೆನ್ನಾಗಿ ಬಂತು. ಆದರೆ ಏಪ್ರಿಲ್ ಬಂತು ನೋಡಿ, ಹುಬ್ಬಳ್ಳಿಯ ಬಿಸಿಲು ಕೋಣೆಯೊಳಗೇ ಬಂದಂತಾಯಿತು. ಹೊರಗೆ 38 ಡಿಗ್ರಿ, ರಾತ್ರಿ ಕೂಡ ಕೋಣೆ 28ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ರಾತ್ರಿ ಹೀಗೆ ಬಿಸಿಯಿದ್ದರೆ ಟೊಮೆಟೊ ಕಾಯಿ ಕಟ್ಟುವುದಿಲ್ಲ. ಬೆಳಿಗ್ಗೆ ಎದ್ದರೆ ತೊಟ್ಟಿನ ಗಂಟಿನಲ್ಲೇ ಕಳಚಿ ಬಿದ್ದ ಹಳದಿ ಹೂಗಳು ನೆಲದ ಮೇಲೆ.

ಒಂದು ದಿನ ಕರೆಂಟ್ ಹೋಗಿ ಆರು ತಾಸು ಬರಲಿಲ್ಲ. ಗಾಳಿ ಪಂಪ್ ನಿಂತಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೂರನೇ ದಿನ ಮುಚ್ಚಳ ಎತ್ತಿದಾಗ ಕೆಸರಿನ ವಾಸನೆ ಹೊಡೆಯಿತು. ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಒಂದು ಎಳೆ ಹಿಡಿದು ಎಳೆದೆ. ಹೊರಗಿನ ಸಿಪ್ಪೆ ಬೆರಳಿಗೆ ಬಂತು, ಒಳಗಿನ ದಾರದಂಥ ನರ ಮಾತ್ರ ಉಳಿಯಿತು. ಬೇರು ಕೊಳೆ ರೋಗ. ಮೇಲೆ ಎಲೆ ಇನ್ನೂ ಹಸಿರಾಗಿಯೇ ಇತ್ತು, ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಎರಡೂ ಗಿಡ ಕಿತ್ತೆ. ಬಕೀಟು, ಪೈಪು, ಕಲ್ಲು ಎಲ್ಲ ಬ್ಲೀಚ್ ಹಾಕಿ ತೊಳೆದು ಒಣಗಿಸಿದೆ. ಮೇ ತಿಂಗಳು ಏನೂ ಹಾಕಲಿಲ್ಲ.

ಮೂರನೇ ಸಲ ಮೂರು ವಿಷಯ ಬದಲಿಸಿದೆ.

ಮೊದಲನೆಯದು ನೀರು. ನಮ್ಮ ಬೋರಿನ ನೀರಿನ ಇಸಿ ಗೊಬ್ಬರ ಹಾಕುವ ಮೊದಲೇ 1.8, ಪಿಎಚ್ 8. ಅದರ ಲವಣ ನಮಗೆ ಬೇಕಾದ ಲವಣವಲ್ಲ. ನಲ್ಲಿಗೆ ಬರುವ ಮಲಪ್ರಭಾ ನೀರು 0.4, ಅದು ಪರವಾಗಿಲ್ಲ, ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ವಾಸನೆಯೂ ಹೋಗುತ್ತದೆ. ಆದರೆ ಜೂನ್‌ನಲ್ಲಿ ಮಳೆ ಹಿಡಿಯಿತು. ಬಾಲ್ಕನಿಯ ತಗಡಿನಿಂದ ಇಳಿಯುವ ನೀರನ್ನು, ಮೊದಲೆರಡು ಮಳೆ ಬಿಟ್ಟು, ಡ್ರಮ್ಮಿಗೆ ತುಂಬಿಕೊಂಡೆ. ಮಳೆ ನೀರಿನ ಇಸಿ ಹೆಚ್ಚೂ ಕಡಿಮೆ ಸೊನ್ನೆ. ಹಾಕಿದ್ದು ಮಾತ್ರ ಅದರಲ್ಲಿರುತ್ತದೆ. ಪಿಎಚ್ 5.8ರಿಂದ 6.2ರೊಳಗೆ ಇಡಲು ಫಾಸ್ಫಾರಿಕ್ ಆಮ್ಲದ ಒಂದೆರಡು ಹನಿ ಸಾಕಾಗುತ್ತಿತ್ತು. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಎರಡನೆಯದು, ಬೇರನ್ನು ನೀರಿನಿಂದ ಹೊರಗೆ ತಂದೆ. ಬಕೀಟಿಗೆ ತೊಳೆದ ಕೊಕೊಪೀಟ್ ತುಂಬಿ, ತಳದಿಂದ ಎರಡು ಇಂಚು ಮೇಲೆ ನೀರು ಬಸಿಯಲು ತೂತು ಮಾಡಿದೆ. ಸಣ್ಣ ಪಂಪ್ ಹಗಲಿನಲ್ಲಿ ಐದು ಸಲ, ಪ್ರತಿ ಸಲ ಎರಡು ನಿಮಿಷ ಹನಿ ನೀರು ಕೊಡುತ್ತದೆ. ರಾತ್ರಿ ಏನೂ ಇಲ್ಲ. ಕರೆಂಟ್ ಹೋದರೂ ಕೊಕೊಪೀಟಿನ ಹಸಿ ಒಂದು ದಿನ ಕಾಯುತ್ತದೆ. ಒಂದು ಮಾತು, ಕೊಕೊಪೀಟಿನಲ್ಲಿ ತೆಂಗಿನ ನಾರಿನದೇ ಉಪ್ಪು ಇರುತ್ತದೆ. ನಾಲ್ಕೈದು ನೀರು ತೊಳೆದು, ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ಇಲ್ಲದಿದ್ದರೆ ನೀವು ಕೊಡುವ ಕ್ಯಾಲ್ಸಿಯಂ ಅನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ.

ಮೂರನೆಯದು ಬೀಜ. ಅಣ್ಣ ಊರಿಂದ ಒಂದು ಪುಡಿಕೆ ಕಳಿಸಿದ. ಅತ್ತಿಗೆ ಹಣ್ಣು ಹಿಚುಕಿ, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಇಟ್ಟಿದ್ದ ಜವಾರಿ ಬೀಜ. ಹೈಬ್ರಿಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ, ಹೊಲದ ರೈತನಿಗೆ ಅದು ದೊಡ್ಡ ವಿಷಯ. ನನ್ನ ಕೋಣೆಯಲ್ಲಿ ಆ ರೋಗಗಳ ಕಾಟ ಕಡಿಮೆ, ನನಗೆ ಬೇಕಾದದ್ದು ರುಚಿ. ಜವಾರಿ ಕಾಯಿಯ ತೊಟ್ಟಿನ ಸುತ್ತ ಕಡು ಹಸಿರು ಹೆಗಲು ಇರುತ್ತದೆ, ನೋಡಿರಬಹುದು. ಹಣ್ಣು ಒಂದೇ ಸಮ ಕೆಂಪಾಗಲಿ ಅಂತ ತಳಿ ಮಾಡುವವರು ದಶಕಗಳ ಕಾಲ ಆ ಹೆಗಲಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಆ ಹಸಿರಿನ ಹಿಂದಿರುವ ಜೀನ್ ಕಾಯಿಯಲ್ಲಿ ಸಕ್ಕರೆ ಹೆಚ್ಚಿಸುತ್ತದೆ ಅಂತ 2012ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದ ಹುಡುಕುತ್ತ ಹೋದಾಗ ರುಚಿಯ ಒಂದು ಪಾಲು ಕೈಬಿಟ್ಟು ಹೋಗಿತ್ತು.

ಜುಲೈ ಮೊದಲ ವಾರ ಬಿತ್ತಿದೆ. ಸಸಿಗೆ ಇಸಿ 1.0, ಬಕೀಟಿಗೆ ಹೋದ ಮೇಲೆ 2.0, ಹೂ ಬಂದಾಗ 2.4. ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಕುಡಿಗಳನ್ನು ಚಿವುಟಿ, ಒಂದೇ ಕಾಂಡ ಉಳಿಸಿ, ಸುತಳಿಯಿಂದ ಮೇಲಕ್ಕೆ ಕಟ್ಟಿದೆ. ಚಿವುಟಿದಾಗ ಬೆರಳಿಗೆ ಹತ್ತುವ ಆ ಹಸಿರು ಅಂಟಿನ ವಾಸನೆಯೇ ಅವ್ವನಿಗೆ ಹೊಲ ನೆನಪು ಮಾಡುತ್ತಿತ್ತು. ಕೈ ತೊಳೆಯುವ ಮೊದಲು ಒಮ್ಮೆ ಮೂಸಿ ನೋಡು ಅನ್ನುತ್ತಿದ್ದಳು.

ಹೂವಿನ ಕೆಲಸ ನನಗೆ ಬಹಳ ಇಷ್ಟವಾಯಿತು. ಟೊಮೆಟೊ ಹೂ ತನ್ನ ಪರಾಗವನ್ನು ಸಣ್ಣ ಕೊಳವೆಯೊಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಹೊಲದಲ್ಲಿ ಗಾಳಿ ಅಲುಗಿಸುತ್ತದೆ, ಕರಿ ದುಂಬಿ ಹೂ ಅಪ್ಪಿಕೊಂಡು ಗುಂಯ್ ಅಂತ ನಡುಗಿಸುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬರುವುದಿಲ್ಲ. ಮುಚ್ಚಿದ ಕೋಣೆಗೆ ಇವ್ಯಾವೂ ಬರುವುದಿಲ್ಲವಲ್ಲ, ಅದಕ್ಕೆ ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ತಂದೆ. ದಿನಾ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಇಬ್ಬನಿಯಂಥ ತೇವ ಆರಿದ ಮೇಲೆ, ಬ್ರಷ್ಷಿನ ಹಿಂಬದಿಯನ್ನು ಹೂಗೊಂಚಲಿನ ತೊಟ್ಟಿಗೆ ಎರಡು ಸೆಕೆಂಡ್ ಒತ್ತುತ್ತಿದ್ದೆ. ಹೂವಿನ ಕೆಳಗೆ ಸ್ಟೀಲ್ ಚಮಚ ಹಿಡಿದರೆ ಅದರ ಮೇಲೆ ಅರಿಶಿನದ ಧೂಳಿನ ಹಾಗೆ ಪರಾಗ ಉದುರುವುದು ಕಾಣುತ್ತದೆ. ಉದುರಿದರೆ ಸಮಯ ಸರಿಯಿದೆ ಅಂತ ಅರ್ಥ. ನಾಲ್ಕೈದು ದಿನಕ್ಕೆ ಹೂ ಬಾಡಿ, ಅದರ ಬುಡದಲ್ಲಿ ಸಾಸಿವೆಯಷ್ಟು ಹಸಿರು ಗುಂಡು.

ಮೊದಲ ಗೊಂಚಲಿನ ಕಾಯಿ ಗೋಲಿಯಷ್ಟಾದಾಗ ಇಸಿ ಏರಿಸಲು ಶುರು ಮಾಡಿದೆ. ವಾರಕ್ಕೆ 0.3ರಂತೆ. ಪೊಟ್ಯಾಷಿಯಂ ಹೆಚ್ಚು ಸಿಗಲಿ ಅಂತ 0:0:50 ಅನ್ನು 10 ಲೀಟರಿಗೆ ಆರು ಗ್ರಾಂ ಮಾಡಿದೆ. ಆತುರಪಟ್ಟು 3.8ಕ್ಕೆ ಹೋದೆ. ಸೆಪ್ಟೆಂಬರ್ ಕೊನೆಗೆ ಎರಡು ಕಾಯಿಗಳ ಕೆಳತುದಿಯಲ್ಲಿ ನಾಲ್ಕಾಣೆಯಷ್ಟು ಕಪ್ಪು ಮಚ್ಚೆ, ಚರ್ಮದ ಹಾಗೆ ಗಟ್ಟಿ. ಅದು ಕ್ಯಾಲ್ಸಿಯಂ ಕೊರತೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ ಇತ್ತು. ಆದರೆ ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಗೇ ಹೋಗಬೇಕು. ಗಿಡ ಕುಡಿಯುವುದು ಕಡಿಮೆಯಾದರೆ ಅದೂ ಕಡಿಮೆ, ಇದ್ದಷ್ಟನ್ನೂ ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಯ ತುದಿಗೆ ತಲುಪುವುದಿಲ್ಲ. ಎರಡು ಕಾಯಿ ಕಿತ್ತು, ಇಸಿ 3.2ಕ್ಕೆ ಇಳಿಸಿ, ನೀರಿನ ಸರದಿ ಏಳು ಮಾಡಿದೆ. ಮುಂದಿನ ಕಾಯಿಗಳು ಚೊಕ್ಕವಾಗಿ ಬಂದವು. ರುಚಿಗೂ ಗಿಡದ ತಾಳ್ಮೆಗೂ ನಡುವಿನ ಗೆರೆ ನನ್ನ ಕೋಣೆಯಲ್ಲಿ 3.2. ನಿಮ್ಮ ಮನೆಯಲ್ಲಿ ಬೇರೆ ಇರಬಹುದು. ಕಾಯಿ ನೋಡುತ್ತ ನಿಧಾನ ಏರಿಸಿ.

ಶೀಗಿ ಹುಣ್ಣಿಮೆ ಮುಗಿದ ವಾರ ಮೊದಲ ಹಣ್ಣು. ಪೂರ್ತಿ ಕೆಂಪಾಗುವವರೆಗೆ ಗಿಡದಲ್ಲೇ ಬಿಟ್ಟಿದ್ದೆ. ಹಣ್ಣಿನ ತೂಕ 40 ಗ್ರಾಂ, ಮೊದಲ ಸಲದ ಹೈಬ್ರಿಡ್ 90 ಇತ್ತು. ಒಂದು ಹನಿ ರಸವನ್ನು, ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಹಾಕಿ ಕಿಟಕಿಯ ಕಡೆ ಹಿಡಿದೆ. ಆ ಸಪ್ಪೆ ಹಣ್ಣಿನಲ್ಲಿ 3.8 ತೋರಿಸಿದ್ದ ಗೆರೆ ಈಗ 6.4ರಲ್ಲಿ ನಿಂತಿತ್ತು. ಮೀಟರ್ ಹೇಳುವುದು ಮುಖ್ಯವಾಗಿ ಸಿಹಿಯನ್ನು. ಪರಿಮಳವನ್ನು ಮೂಗೇ ಹೇಳಬೇಕು. ಹಣ್ಣನ್ನು ಫ್ರಿಜ್ಜಿನಲ್ಲಿ ಇಡಲಿಲ್ಲ. ಚಳಿಗೆ ಸಿಕ್ಕ ಟೊಮೆಟೊದಲ್ಲಿ ಪರಿಮಳ ತಯಾರಿಸುವ ಜೀನ್‌ಗಳು ಮಂಕಾಗುತ್ತವೆ, ಹೊರಗೆ ತೆಗೆದಿಟ್ಟರೂ ಪೂರ್ತಿ ಚೇತರಿಸುವುದಿಲ್ಲ ಅಂತ 2016ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಈಗ ಪೇಟೆಯ ಟೊಮೆಟೊ ಕೂಡ ಬುಟ್ಟಿಯಲ್ಲೇ ಇರುತ್ತದೆ.

ಅವ್ವನ ತಾಟಿನಲ್ಲಿ ಮತ್ತೆ ಇಟ್ಟೆ. ಈ ಸಲ ಚಾಕು ಹಾಕಲಿಲ್ಲ. ಅವಳೇ ಹೆಬ್ಬೆರಳಿನಿಂದ ಹಿಚುಕಿ ಎರಡು ಮಾಡಿದಳು. ಬೀಜದ ಸುತ್ತಲಿನ ಹಸಿರು ಲೋಳೆ ರೊಟ್ಟಿಯ ಮೇಲೆ ಹರಿಯಿತು. ಆ ಭಾಗದಲ್ಲೇ ಹುಳಿ ಜಾಸ್ತಿ ಇರುವುದು. ತಿಂದಳು.

"ಹೊಲದ್ದರಷ್ಟ ಇಲ್ಲ," ಅಂದಳು. ಆಮೇಲೆ ಬೆರಳು ನೆಕ್ಕುತ್ತ, "ಆದ್ರ ಇದಕ್ಕ ಟಮಾಟಿ ಅನಬೌದು. ಇನ್ನೊಂದ ಕೊಡು."

ಎರಡು ಗಿಡದಿಂದ ಜನವರಿ ಮೊದಲ ವಾರದವರೆಗೆ ನಾಲ್ಕು ಕಿಲೋ ಹಣ್ಣು ಬಂತು. ದೀಪಗಳು ತಿಂಗಳಿಗೆ 84 ಯೂನಿಟ್ ತಿನ್ನುತ್ತವೆ, ಗೃಹಜ್ಯೋತಿಯ ನಮ್ಮ ಮಿತಿ ದಾಟಿ ಬಿಲ್ ಬರುತ್ತದೆ. ಹಾಗಾಗಿ ದುಡ್ಡು ಉಳಿಸಲು ಇದನ್ನು ಮಾಡುತ್ತೇನೆ ಅನ್ನುವವರಿಗೆ ಬೇಡ ಅಂತಲೇ ಹೇಳುತ್ತೇನೆ. ರುಚಿಗಾಗಿ ಅನ್ನುವವರು ಎರಡೇ ಬಕೀಟಿನಿಂದ ಶುರು ಮಾಡಿ, ಇಸಿ ಮೀಟರ್ ಮೊದಲು ಕೊಳ್ಳಿ, ಬೀಜವನ್ನು ಜೂನ್‌ನಲ್ಲೋ ಜುಲೈನಲ್ಲೋ ಹಾಕಿ. ನಮ್ಮ ಕಡೆ ಏಪ್ರಿಲ್, ಮೇ ಬಿಟ್ಟುಬಿಡಿ.

ಕೊನೆಯ ಗೊಂಚಲಿನ ಎಂಟು ಕಾಯಿ ಕೆಂಪಾಗಲೇ ಇಲ್ಲ. ಅವ್ವ ಅವನ್ನು ಹೆಚ್ಚಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜೊತೆ ಹುರಿದು, ಶೇಂಗಾ ಹಾಕಿ ಕುಟ್ಟಿ ಚಟ್ನಿ ಮಾಡಿದಳು. ಕಿತ್ತ ಗಿಡದಲ್ಲಿ ಅತಿ ಹೆಚ್ಚು ಪಕ್ಕೆಯಿದ್ದ ಒಂದು ಹಣ್ಣನ್ನು ಮಾತ್ರ ಬೇರೆ ತೆಗೆದಿಟ್ಟಿದ್ದಳು. ಅದರ ಬೀಜ ಈಗ ಅಡುಗೆಮನೆ ಕಟ್ಟೆಯ ಮೇಲೆ, ಊದುಬತ್ತಿ ಬೂದಿ ಹಚ್ಚಿಕೊಂಡು, ಹಳೆಯ ಪೇಪರಿನಲ್ಲಿ ಒಣಗುತ್ತಿದೆ.